ಮಗಳ ಹಲ್ಲಿಗೊಂದು ಬ್ರೇಕು

ನನ್ನ ಬಲಗಾಲು ನನ್ನ ಮಾತು ಕೇಳುವುದಿಲ್ಲ. ದೇಹದ ಉಳಿದ ಭಾಗಗಳ ಮೇಲೆ ನನಗೆ ಅಂಥ ದೂರಿಲ್ಲ. ಹೊಟ್ಟೆ ಎಲ್ಲದರಲ್ಲೂ ಮುಂದೆ ನಿಲ್ಲುತ್ತದೆ, ಕೂದಲು ಅವಧಿಗೆ ಮುಂಚೆಯೇ ಸ್ವಯಂನಿವೃತ್ತಿ ತೆಗೆದುಕೊಂಡಿದೆ; ಆಗಲಿ, ಅವುಗಳ ಪಾಡಿಗೆ ಅವು ಇರಲಿ. ಆದರೆ ಈ ಬಲಗಾಲು ಮಾತ್ರ ಹೋದಹೋದಲ್ಲಿ ನನ್ನ ಮಾನ ಕಳೆಯುತ್ತಿದೆ.

ತಪ್ಪು ಪೂರ್ತಿ ಅದರದ್ದಲ್ಲ. ನಾನು ಕಾರು ಕಲಿಸುವ ಮೇಷ್ಟ್ರು. ನಮ್ಮ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಯುವವರ ಕಾಲಡಿಗೆ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಡಿಗೆ ಇನ್ನೊಂದು ಬ್ರೇಕು. ಮುಂದೆ ಎಮ್ಮೆಯೋ, ಲಾರಿಯೋ, ಗೋಡೆಯೋ ಕಂಡ ಕೂಡಲೇ ಕಲಿಯುವವರು ಕಣ್ಣು ಮುಚ್ಚುತ್ತಾರೆ, ನಾನು ಬ್ರೇಕು ಒತ್ತುತ್ತೇನೆ. ಇಷ್ಟು ವರ್ಷ ಇದೇ ಕೆಲಸ ಮಾಡಿ ಮಾಡಿ, ಅಪಾಯ ಎಂದರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಕಾಲು ತಾನೇ ಕೆಳಗೆ ಒತ್ತುತ್ತದೆ. ಸಿನಿಮಾದಲ್ಲಿ ಕಾರು ಅಡ್ಡಾದಿಡ್ಡಿ ಓಡಿದರೆ ಒತ್ತುತ್ತದೆ (ಮುಂದಿನ ಸೀಟಿನವರು ಹಿಂತಿರುಗಿ ಬೈಯುತ್ತಾರೆ). ಮನೆಯಲ್ಲಿ ಹೆಂಡತಿ "ರೀ, ಒಂದು ವಿಷ್ಯ ಮಾತಾಡ್ಬೇಕಿತ್ತು" ಎಂದರೂ ಒತ್ತುತ್ತದೆ. ನಾನು ಕೂರುವ ಸೋಫಾದ ಮುಂದೆ, ಸರಿಯಾಗಿ ಬಲಗಾಲು ಇರುವ ಜಾಗದಲ್ಲಿ, ನೆಲಹಾಸು ತೂತಾಗಿದೆ.

ಹಾಗೆಂದು ನನ್ನ ವಿದ್ಯೆಯನ್ನು ಹಗುರವಾಗಿ ತಿಳಿಯಬೇಡಿ. ಹೆದರಿದವರನ್ನು ದಾರಿಗೆ ತರುವುದರಲ್ಲಿ ನನ್ನದು ಎತ್ತಿದ ಕೈ. ಹೊಸಬರು ಗಾಬರಿಯಲ್ಲಿ ಮಾಡುವ ಮಹಾಪರಾಧ ಒಂದಿದೆ: ಬ್ರೇಕು ಎಂದುಕೊಂಡು ಆಕ್ಸಿಲರೇಟರ್ ತುಳಿಯುತ್ತಾರೆ. ಗಾಡಿ ಮುನ್ನುಗ್ಗುತ್ತದೆ. ನಿಲ್ಲಲಿಲ್ಲವಲ್ಲ ಎಂದು ಅದನ್ನೇ ಇನ್ನೂ ಜೋರಾಗಿ ತುಳಿಯುತ್ತಾರೆ. ಆಗ ನಾನು ಗಂಭೀರ ದನಿಯಲ್ಲಿ, "ಕಾಲು ತೆಗೀರಿ. ಮೊದಲು ಕಾಲು ತೆಗೀರಿ" ಎನ್ನುತ್ತೇನೆ. ರಜೆಯ ದಿನ ಹಿಂದಿನ ಸೀಟಿನಲ್ಲಿ ಕೂತು ಬರುವ ನನ್ನ ಮಗಳಿಗೂ ಈ ಮಾತು ಬಾಯಿಪಾಠವಾಗಿದೆ. ಹೀಗೆ ಪೆಡಲು ತಪ್ಪಿ ತುಳಿಯುವವರನ್ನು ಕಂಡರೆ ನನಗೆ ಒಳಗೊಳಗೇ ತಾತ್ಸಾರ. "ತಲೆಗೂ ಕಾಲಿಗೂ ಸಂಬಂಧವೇ ಇಲ್ಲದ ಜನ" ಎಂದು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದೆ.

ನಗುತ್ತಿದ್ದೆ ಎಂದದ್ದನ್ನು ಗಮನಿಸಿ. ಈಗ ನಗುವುದಿಲ್ಲ.

ವಿಷಯ ಮಗಳ ಹಲ್ಲಿನದು. ಎರಡನೇ ಕ್ಲಾಸು, ಬಾಯಿ ತೆರೆದರೆ ಮನೆಯಲ್ಲಿ ಬೇರೆ ಯಾರಿಗೂ ಮಾತಿಗೆ ಜಾಗವಿಲ್ಲ. ಅಂಥವಳು ಇದ್ದಕ್ಕಿದ್ದಂತೆ ಒಂದೇ ಪಕ್ಕದಲ್ಲಿ ಅಗಿಯತೊಡಗಿದಳು. ಆಮೇಲೆ ಅಗಿಯುವುದನ್ನೇ ಬಿಟ್ಟಳು. ಕೆನ್ನೆಗೆ ಕೈ ಒತ್ತಿಕೊಂಡು ಮೂಲೆಯಲ್ಲಿ ಮುದುಡಿ ಕೂತಿರುತ್ತಿದ್ದಳು. ಅವಳನ್ನು ಹಾಗೆ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಬಾಯಿ ಬಿಡಿಸಿ ನೋಡಿದರೆ ಹಿಂದಿನ ದವಡೆ ಹಲ್ಲಿನಲ್ಲಿ ಕಪ್ಪು ತೂತು.

ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಹೊರಗಿನ ಕೋಣೆಯವರೆಗೆ ಬಂದಳು. ಒಳಗಿನ ಕೋಣೆಯ ಬಾಗಿಲಲ್ಲಿ ಎರಡೂ ಕೈಯಿಂದ ಬಾಗಿಲ ಹಿಡಿಯನ್ನು ಹಿಡಿದುಕೊಂಡವಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಶಾಲೆಯ ವ್ಯಾನಿನಲ್ಲಿ ಯಾರೋ ದೊಡ್ಡ ಹುಡುಗಿ, ಹಲ್ಲಿನ ಡಾಕ್ಟರು ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ ಎಂದು ಹೇಳಿಬಿಟ್ಟಿದ್ದಳಂತೆ. ಹೆಂಡತಿ ಮುಂದಿನಿಂದ ಬೆರಳು ಬಿಡಿಸಿದಳು, ನಾನು ಹಿಂದಿನಿಂದ ಸೊಂಟ ಹಿಡಿದು ಎಳೆದೆ. ಬಾಗಿಲ ಹಿಡಿ ಕಿತ್ತು ಬಂತು. ನಾವು ಮೂವರು ಮತ್ತು ಆ ಹಿಡಿ ಮನೆಗೆ ಬಂದೆವು.

ಮರುದಿನ ಹಿಡಿಯನ್ನು ಹಿಂತಿರುಗಿಸಲು ಹೋದ ಹೆಂಡತಿಗೆ ಡಾಕ್ಟರಮ್ಮ ಶಾಂತವಾಗಿಯೇ ಹೇಳಿ ಕಳಿಸಿದರು: "ಇನ್ನೊಂದ್ಸಲ ನೋಡೋಣಮ್ಮ. ಈಗಾದ್ರೆ ತುಂಬಿಬಿಟ್ಟು ಹಲ್ಲು ಉಳಿಸ್ಬಹುದು. ಈ ಸಲಾನೂ ಬಾಯಿ ಬಿಡ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸಿ, ಮತ್ತು ಬರೋ ಔಷಧಿ ಕೊಟ್ಟು ಕೀಳಿಸ್ಬೇಕಾಗುತ್ತೆ."

ಮತ್ತು ಬರಿಸುವುದು ಎಂಬ ಮಾತು ಕೇಳಿದ ಕೂಡಲೇ ನನ್ನ ಕಾಲು ನೆಲಹಾಸಿನ ತೂತಿನಲ್ಲಿ ಇಳಿಯಿತು.

"ಅವ್ಳಿಗೆ ಹೇಳ್ಲೇಬಾರ್ದು" ಎಂದಳು ಹೆಂಡತಿ. ಅವಳದು ಮನೆಯಲ್ಲೇ ಹೊಲಿಗೆ ಕೆಲಸ. ಯಾವುದನ್ನೇ ಆದರೂ ಅಳೆದು, ಕತ್ತರಿಸಿ, ಮುಗಿಸುವ ಜಾತಿ. "ಚಪ್ಪಲಿ ತಗೊಳ್ಳೋಣ ಬಾ ಅಂತ ಕರ್ಕೊಂಡು ಹೋಗಿ ಸೀದಾ ಕುರ್ಚಿ ಮೇಲೆ ಕೂರಿಸ್ಬಿಡೋದು."

"ಆಮೇಲೆ ಜೀವನಪೂರ್ತಿ ಅವ್ಳು ಚಪ್ಪಲಿ ಅಂಗಡಿ ಕಂಡ್ರೆ ಕಿರಿಚ್ತಾಳೆ. ಬರಿಗಾಲಲ್ಲೇ ಮದುವೆ ಮಾಡ್ತೀಯಾ?"

"ಹಾಗಾದ್ರೆ ನೀವೇ ಹೇಳಿ, ಏನ್ಮಾಡೋದು?"

"ಭಯ ಅನ್ನೋದನ್ನ ಮೊದ್ಲು ಅರ್ಥ ಮಾಡ್ಕೋಬೇಕು" ಎಂದು ನಾನು ಕಾಲ ಮೇಲೆ ಕಾಲು ಹಾಕಿದೆ. "ಭಯ ಯಾಕೆ ಬರುತ್ತೆ? ನಿಲ್ಲಿಸೋಕೆ ನನ್ನ ಕೈಲಾಗಲ್ಲ ಅನ್ನೋದ್ರಿಂದ ಬರುತ್ತೆ. ನನ್ನ ಹತ್ರ ಬರೋರೆಲ್ಲ ಯಾಕೆ ಧೈರ್ಯವಾಗಿ ಓಡಿಸ್ತಾರೆ? ಮೇಷ್ಟ್ರ ಹತ್ರ ಇನ್ನೊಂದು ಬ್ರೇಕಿದೆ ಅಂತ. ಮಗೂಗೂ ಒಂದು ಬ್ರೇಕು ಕೊಟ್ಟುಬಿಡೋದು. ಅಷ್ಟೇ."

"ಹಲ್ಲಿಗೆ ಬ್ರೇಕಾ?"

"ಡಾಕ್ಟ್ರಿಗೆ."

ಹೆಂಡತಿ ಮೂಗು ಮುರಿದು ಹೊಲಿಗೆಗೆ ಹೊರಟುಹೋದಳು. ಲೋಕದ ಎಲ್ಲ ಮಹಾಸಿದ್ಧಾಂತಗಳಿಗೂ ಮೊದಲಿಗೆ ಸಿಕ್ಕಿದ್ದು ಇಂಥದೇ ಸ್ವಾಗತವಿರಬೇಕೆಂದು ನಾನು ಸಮಾಧಾನ ತಂದುಕೊಂಡೆ.

ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ವಿಷಯ ಮಂಡಿಸಿದೆ. ಅವಳು ಕೆನ್ನೆ ಹಿಡಿದುಕೊಂಡೇ ವಕೀಲರಂತೆ ಕೇಳಿದಳು.

"ಬ್ರೇಕ್ ಒತ್ತಿದ್ರೆ ಡಾಕ್ಟ್ರು ನಿಲ್ಲಿಸ್ತಾರಾ?"

"ನಿಲ್ಲಿಸ್ಲೇಬೇಕು."

"ನಿಲ್ಲಿಸಿಲ್ಲ ಅಂದ್ರೆ?"

"ಬ್ರೇಕ್ ಒತ್ತಿದ್ಮೇಲೆ ನಿಲ್ದೇ ಇರೋ ಗಾಡಿ ನೋಡಿದ್ದೀಯಾ ನಮ್ಮ ಶಾಲೇಲಿ?"

ಸ್ವಲ್ಪ ಯೋಚಿಸಿದಳು. "ಮಲಗಿದ್ರೆ ನನ್ ಕಾಲು ಎಟುಕಲ್ಲ ಅಪ್ಪಾ. ನೀನು ಕಾಲಿಟ್ಕೊಂಡಿರು. ನಾನು ಕೈ ಎತ್ತಿದ್ರೆ ನೀನು ಒತ್ತು. ನಾನು ಎತ್ತೋವರೆಗೆ ಒತ್ಬಾರ್ದು."

"ಆಯ್ತು."

"ಪ್ರಾಮಿಸ್?"

"ಪ್ರಾಮಿಸ್."

ಹೀಗೆ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು. ಅವಳ ಪುಟ್ಟ ಕೈ ನನ್ನ ಕೈಯಲ್ಲಿತ್ತು, ಬೆವರಿತ್ತು. ಏನೇ ಆದರೂ ಈ ಮಾತು ತಪ್ಪಬಾರದು ಎಂದು ನಿಜವಾಗಿಯೂ ಮನಸ್ಸಿನಲ್ಲಿ ಅಂದುಕೊಂಡೆ.

ತಾಲೀಮು ಇಲ್ಲದೆ ನಾನು ಯಾರನ್ನೂ ರಸ್ತೆಗಿಳಿಸಿದವನಲ್ಲ. ಹೆಂಡತಿಯ ಹೊಲಿಗೆ ಕೋಣೆಯನ್ನು ದಂತಶಾಲೆಯಾಗಿ ಮಾರ್ಪಡಿಸಿದೆ. ತಿರುಗುವ ಕುರ್ಚಿ, ಬಗ್ಗಿಸುವ ಟೇಬಲ್ ದೀಪ, ಕನ್ನಡಿಯ ಬದಲಿಗೆ ಚಮಚ, ಎದೆಗೆ ಹೊದಿಸಲು ಯಾವುದೋ ಶಾಲೆಯ ಸಭಾಂಗಣಕ್ಕೆಂದು ಹೊಲಿಯುತ್ತಿದ್ದ ನೀಲಿ ಪರದೆ. ಕೊರೆಯುವ ಯಂತ್ರದ ಸದ್ದಿಗೆ ನನ್ನ ಗಡ್ಡ ಹೆರೆಯುವ ಮಷೀನು. ಬ್ರೇಕಿಗೆ ಹೊಲಿಗೆ ಮಷೀನಿನ ಕಾಲ್ಪೆಡಲನ್ನೇ ವೈರು ಸಮೇತ ಬಿಚ್ಚಿ ತಂದು ಕುರ್ಚಿಯ ಪಕ್ಕ ಇಟ್ಟೆ.

ಮಗಳು ಮೊದಲು ನೀನು ರೋಗಿಯಾಗು ಎಂದಳು. ಆದೆ. ಅವಳು ಅಮ್ಮನ ಕೋಟು ತೊಟ್ಟು, ಟಾರ್ಚು ಹಿಡಿದು, ಚಮಚದಿಂದ ನನ್ನ ಕೆನ್ನೆ ಸರಿಸಿ ಒಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು.

"ಅಪ್ಪಾ, ಇಲ್ಲೊಂದು ತೂತಿದೆ."

"ಆಂ."

"ನನ್ನದಕ್ಕಿಂತ ದೊಡ್ಡದು. ಒಳಗೆ ಏನೋ ಸಿಕ್ಕಾಕೊಂಡಿದೆ."

ನಾನು ಬಾಯಿ ಮುಚ್ಚಿದೆ. (ಕೆಲವು ವರ್ಷಗಳಿಂದ ನಾನು ಎಡಗಡೆಯಲ್ಲೇ ಅಗಿಯುತ್ತೇನೆ. ಅದು ನನ್ನ ಖಾಸಗಿ ವಿಚಾರ. ಕೆಲಸದ ಒತ್ತಡದಲ್ಲಿ ಡಾಕ್ಟರ ಬಳಿ ಹೋಗಲು ಆಗಿಲ್ಲ, ಬೇರೆ ಕಾರಣವೇನೂ ಇಲ್ಲ.) "ಅಮ್ಮಂಗೆ ಹೇಳ್ಬೇಡ, ಸುಮ್ನೆ ಬೇಜಾರು ಮಾಡ್ಕೋತಾಳೆ" ಎಂದು ಪಿಸುಗುಟ್ಟಿದೆ. ಮಗಳು ಗಂಭೀರವಾಗಿ ತಲೆಯಾಡಿಸಿದಳು.

ಆಮೇಲೆ ಪಾತ್ರ ಬದಲಾಯಿಸಿದೆವು. ಅವಳು ಪರದೆ ಹೊದ್ದು ಮಲಗಿದಳು. ನಾನು ಮಷೀನು ಗುಂಯ್‌ಗುಡಿಸುತ್ತಾ ಗಾಳಿಯಲ್ಲಿ ಆಡಿಸಿದೆ. ಅವಳು ಕೈ ಎತ್ತಿದಳು. ಕಾಲಿನಿಂದ ಪೆಡಲ್ ಒತ್ತಿದೆ, ಅದೇ ಕ್ಷಣ ಹೆಬ್ಬೆರಳಿನಿಂದ ಮಷೀನಿನ ಗುಂಡಿಯನ್ನೂ ಆರಿಸಿದೆ. ಸದ್ದು ನಿಂತಿತು.

"ನೋಡಿದ್ಯಾ? ಬ್ರೇಕು!"

ಮಗಳು ನೆಲದ ಮೇಲೆ ಬಿದ್ದಿದ್ದ ಪೆಡಲಿನ ವೈರಿನ ತುದಿಯನ್ನೊಮ್ಮೆ ನೋಡಿದಳು. ನನ್ನ ಹೆಬ್ಬೆರಳನ್ನೊಮ್ಮೆ ನೋಡಿದಳು. ಮತ್ತೆ ಪರದೆ ಎಳೆದುಕೊಂಡು ಮಲಗಿದಳು. ನನ್ನ ಪ್ರಾತ್ಯಕ್ಷಿಕೆಗೆ ಮಾರುಹೋಗಿದ್ದಾಳೆ ಎಂದುಕೊಂಡೆ. ಮತ್ತೆ ಮತ್ತೆ ಮಾಡಿದೆವು. ಪ್ರತಿ ಸಲವೂ ಯಂತ್ರ ನಿಂತಿತು, ಪ್ರತಿ ಸಲವೂ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ರೀ! ನನ್ ಪೆಡಲೆಲ್ಲಿ?" ಹೆಂಡತಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು. "ಆ ಪರದೆ ನಾಡಿದ್ದು ಕೊಡ್ಬೇಕು. ಅದ್ರ ಮೇಲೆ ಎಂಜಲು ಬಿದ್ರೆ ನಿಮ್ಮನ್ನ ಅದ್ರಲ್ಲೇ ಸುತ್ತಿ ಕಳಿಸ್ತೀನಿ."

"ಒಂದು ದಿನ ಪೆಡಲ್ ಸಾಲ ಕೊಡು. ಮಗೂನ ಹಲ್ಲಿನ ಪ್ರಶ್ನೆ."

"ತಗೊಂಡ್ಹೋಗಿ. ಆದ್ರೆ ನೆನಪಿರ್ಲಿ, ಅದು ಒತ್ತಿದ್ರೆ ಓಡೋ ಪೆಡಲು. ಒತ್ತಿದ್ರೆ ನಿಲ್ಲೋದು ನಿಮ್ ಕಾರಿನದು ಮಾತ್ರ. ಲೋಕದಲ್ಲಿ ಮಿಕ್ಕಿದ್ದೆಲ್ಲ ಒತ್ತಿದ್ರೆ ಓಡುತ್ತೆ."

ಪೆಡಲಿನ ವಿಷಯದಲ್ಲಿ ಒಬ್ಬ ಡ್ರೈವಿಂಗ್ ಮೇಷ್ಟ್ರಿಗೆ ಪಾಠ!

ಗೊತ್ತಾದ ದಿನ ಮೂವರೂ ಹೊರಟೆವು. ಪೆಡಲು ನನ್ನ ಕೈಚೀಲದಲ್ಲಿತ್ತು. ಡಾಕ್ಟರ ಹೊರಕೋಣೆಯಲ್ಲಿ ಮೀನಿನ ತೊಟ್ಟಿ, ಗೋಡೆಯ ಮೇಲೆ ನಗುತ್ತಿರುವ ದೊಡ್ಡದೊಂದು ಹಲ್ಲಿನ ಚಿತ್ರ (ಹಲ್ಲಿಗೇ ಬಾಯಿ, ಆ ಬಾಯಿಗೆ ಮತ್ತೆ ಹಲ್ಲುಗಳು, ನೋಡಿದಷ್ಟೂ ಸಂಕಟ), ಒಳಬಾಗಿಲಿಗೆ ಹೊಸ ಹಿಡಿ. ಹಿಡಿಗೆ ಹೆಬ್ಬೆರಳಿನಷ್ಟು ದಪ್ಪ ಸ್ಕ್ರೂಗಳನ್ನು ಹಾಕಿಸಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದ. ನನ್ನ ಮಗಳು ಅವನ ಹತ್ತಿರ ಹೋಗಿ, "ನಮ್ಮಪ್ಪನ ಚೀಲದಲ್ಲಿ ಬ್ರೇಕಿದೆ" ಎಂದಳು. ಅವನು ಅಳು ನಿಲ್ಲಿಸಿ ನನ್ನ ಚೀಲ ನೋಡಿದ. ಅವನ ತಾಯಿಯೂ ನೋಡಿದರು, ಆಮೇಲೆ ಅವನನ್ನು ಎತ್ತಿಕೊಂಡು ಎದುರು ಬೆಂಚಿಗೆ ಹೋದರು. ಒಳಗಿನಿಂದ ಜುಯ್ಯೆಂದು ಸದ್ದು ಬಂತು. ಮಗಳು ಮೀನು ನೋಡುತ್ತಿದ್ದಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಮ್ಮ ಸರದಿ ಬಂತು. ಹೆಂಡತಿ ಬಾಗಿಲ ಹತ್ತಿರವೇ ನಿಂತಳು. ಮಗಳು ಆ ಹೊಸ ಹಿಡಿಯ ಕಡೆ ಕಣ್ಣೆತ್ತಿಯೂ ನೋಡದೆ ನಡೆದು ಹೋಗಿ ಕುರ್ಚಿ ಹತ್ತಿ ಮಲಗಿದಳು. ಡಾಕ್ಟರಮ್ಮನಿಗೇ ಆಶ್ಚರ್ಯ. ನಾನು ಅವಳ ಕಾಲಿನ ಬಳಿ ಸ್ಟೂಲು ಹಾಕಿಕೊಂಡು ಕೂತು, ಚೀಲದಿಂದ ಪೆಡಲ್ ತೆಗೆದು ನೆಲದ ಮೇಲಿಟ್ಟು, ಬಲಪಾದವನ್ನು ಅದರ ಮೇಲೆ ಪ್ರತಿಷ್ಠಾಪಿಸಿದೆ. ಡಾಕ್ಟರಮ್ಮ ಪೆಡಲ್ ನೋಡಿದರು, ಅದರ ವೈರು ನೋಡಿದರು, ನನ್ನನ್ನು ನೋಡಿದರು.

"ಅವಳ ಧೈರ್ಯಕ್ಕೆ" ಎಂದೆ ಮೆಲ್ಲಗೆ. "ಅವ್ಳು ಕೈ ಎತ್ತಿದ್ರೆ ನಾನು ಇದನ್ನ ಒತ್ತೋದು, ನೀವು ನಿಲ್ಸೋದು."

"ಒಳ್ಳೇದಾಯ್ತು ಸರ್. ಕೈ ಎತ್ತಿದ ತಕ್ಷಣ ನಿಲ್ಲಿಸ್ತೀನಿ" ಎಂದರು. ಎಷ್ಟು ಒಳ್ಳೆಯ ಹೆಂಗಸು! ಕೆಲಸ ಅರ್ಧ ಮುಗಿದಂತೆ ಎಂದು ಬಾಗಿಲ ಕಡೆ ತಿರುಗಿ ಹೆಂಡತಿಗೆ ಒಂದು ವಿಜಯದ ನೋಟ ಕೊಟ್ಟೆ.

ಜೋಮು ಹಿಡಿಸುವ ಸೂಜಿ ಬಂತು. ಮಗಳ ಕಣ್ಣಲ್ಲಿ ನೀರು ತುಂಬಿತು. ಕೈ ಸ್ವಲ್ಪ ಮೇಲೆದ್ದಿತು, ನನ್ನ ಕಡೆ ನೋಡಿ ಮತ್ತೆ ಇಳಿಯಿತು. ಇವಳೆಂಥ ಧೀರೆ ಎಂದು ಹೆಮ್ಮೆಯಾಯಿತು, ಎದ್ದು ಹೋಗಿ ಎತ್ತಿಕೊಂಡು ಮನೆಗೆ ಓಡೋಣ ಎಂದೂ ಅನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ಕೊರೆಯುವ ಯಂತ್ರ ಶುರುವಾಯಿತು. ಡಾಕ್ಟರಮ್ಮ ಒಂದಷ್ಟು ಕೊರೆದು ಯಂತ್ರ ಹೊರಗೆ ತೆಗೆಯುವರು, ಸಹಾಯಕಿ ನಳಿಕೆಯಿಂದ ನೀರು ಹೀರುವಳು, ಮತ್ತೆ ಯಂತ್ರ ಬಾಯಿಯ ಕಡೆ ಹೋಗುವುದು. ಮಗಳ ಕೈ ಹೊಟ್ಟೆಯ ಮೇಲೆ ಹಾಯಾಗಿ ಬಿದ್ದಿತ್ತು.

ನನ್ನ ಕಾಲು ಹಾಯಾಗಿರಲಿಲ್ಲ.

ಮೂರನೆಯದೋ ನಾಲ್ಕನೆಯದೋ ಸಲ ಆ ಯಂತ್ರದ ಮೊನೆ ದೀಪದಲ್ಲಿ ಫಳಕ್ಕೆಂದು ಹೊಳೆದು ನನ್ನ ಕೂಸಿನ ಬಾಯಿಯ ಕಡೆ ಹೊರಟಿತು ನೋಡಿ, ಕಾಲು ಒತ್ತಿತು. ಯಾರೂ ಕೈ ಎತ್ತಿರಲಿಲ್ಲ, ಯಾರೂ ನನ್ನನ್ನು ಕೇಳಿರಲಿಲ್ಲ. ಪೆಡಲ್ ಪೂರ್ತಿ ಕೆಳಗೆ ಹೋಯಿತು. ಯಂತ್ರ ನಿಲ್ಲಲಿಲ್ಲ.

ಅದು ಯಾವುದಕ್ಕೂ ಸಿಕ್ಕಿಸದ ಪೆಡಲು ಎಂದು ನನ್ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ವೃತ್ತಿಜೀವನದಲ್ಲಿ ಬ್ರೇಕು ಹಿಡಿಯದೇ ಹೋದದ್ದು ಅದಕ್ಕೆ ಅದೇ ಮೊದಲು. ಗಾಬರಿಯಿಂದ ಅತ್ತಿತ್ತ ತಡಕಾಡಿತು. ಕುರ್ಚಿಯ ಬುಡದಲ್ಲಿ ಇನ್ನೊಂದು ಪೆಡಲ್ ಸಿಕ್ಕಿತು. ಅದನ್ನು ಸರ್ವಶಕ್ತಿಯಿಂದ ತುಳಿಯಿತು.

ಕುರ್ಚಿ ಗುಂಯ್ ಎನ್ನುತ್ತಾ ಮೇಲೇಳತೊಡಗಿತು.

ಅವಸರವೇನೂ ಇಲ್ಲದೆ, ರಾಜಗಾಂಭೀರ್ಯದಿಂದ ಏರಿತು. ಡಾಕ್ಟರಮ್ಮ ಯಂತ್ರ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನೋಡುತ್ತಾ ಕೂತರು. ಮೊದಲು ಅವರ ಮುಖದೆದುರಿಗೆ ಮಗಳ ಬಾಯಿ ಇತ್ತು, ಆಮೇಲೆ ಕುರ್ಚಿಯ ಅಂಚು, ಆಮೇಲೆ ಕುರ್ಚಿಯ ತಳ. ಮಗಳ ಬಾಯಲ್ಲಿದ್ದ ನಳಿಕೆ ಮೇಲಕ್ಕೆ ಎಳೆದಂತೆಲ್ಲ ಸಹಾಯಕಿ ಎದ್ದು ನಿಂತು, ಕೊನೆಗೆ ತುದಿಗಾಲಿನಲ್ಲಿ ನಿಂತಳು. ಗಾಡಿ ನಿಲ್ಲುತ್ತಿಲ್ಲವಲ್ಲ ಎಂದು ನಾನು ಇನ್ನೂ ಜೋರಾಗಿ ತುಳಿದೆ. ಬಾಗಿಲಿಂದ ಹೆಂಡತಿ "ರೀ! ರೀ!" ಎಂದಳು. ಅವಳ ದನಿ ಕೇಳಿದರೆ ಕಾಲು ಇನ್ನಷ್ಟು ಒತ್ತುತ್ತದೆ ಎಂದು ಮೊದಲೇ ಹೇಳಿದ್ದೇನೆ.

ಆಗ ಮೇಲಿನಿಂದ, ದೀಪದ ಪಕ್ಕದಿಂದ, ಜೋಮು ಹಿಡಿದ ತುಟಿಯ ಗಂಭೀರ ದನಿಯೊಂದು ಕೇಳಿಬಂತು.

"ಅಪ್ಪಾ, ಕಾಲು ತೆಗಿ. ಮೊದಲು ಕಾಲು ತೆಗಿ."

ತೆಗೆದೆ.

ಕುರ್ಚಿ ನಿಂತಿತು. ಡಾಕ್ಟರಮ್ಮ ಇನ್ನೊಂದು ಪೆಡಲ್ ಒತ್ತಿ ಮಗಳನ್ನು ಭೂಮಿಗೆ ಇಳಿಸಿಕೊಂಡರು. ಹೆಂಡತಿ ಹೇಳಿದ್ದು ನಿಜ, ಅದೂ ಒತ್ತಿದರೆ ಓಡುವ ಪೆಡಲೇ.

"ಸರ್, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು ಡಾಕ್ಟರಮ್ಮ, ಬಹಳ ಮರ್ಯಾದೆಯಿಂದ.

"ಬೇಡ ಡಾಕ್ಟ್ರೇ" ಎಂದಳು ಮಗಳು. "ಅಪ್ಪ ಒಬ್ರೇ ಇದ್ರೆ ಜಾಸ್ತಿ ಭಯ ಪಡ್ತಾರೆ. ಅಪ್ಪಾ, ಕಾಲು ಮೇಲೆ ಇಟ್ಕೊಂಡು ಕೂತ್ಕೋ."

ನಾನು ಸ್ಟೂಲಿನ ಮೇಲೆ ಎರಡೂ ಕಾಲು ಮಡಚಿಕೊಂಡು ಕೂತೆ. ಹಾಗೆ ಕೂತೇ ಇದ್ದೆ. ಕೊರೆದರು, ತುಂಬಿದರು, ಉಜ್ಜಿ ನಯಮಾಡಿದರು. ಮಗಳು ಒಂದು ಸಲವೂ ಕೈ ಎತ್ತಲಿಲ್ಲ. "ಹಲ್ಲು ಉಳೀತು" ಎಂದರು ಡಾಕ್ಟರಮ್ಮ. ನನಗೆ ಅಳುವೇ ಬಂತು, ಸ್ಟೂಲಿನ ಮೇಲೆ ಆ ಭಂಗಿಯಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ. "ಇಷ್ಟು ಧೈರ್ಯದ ಮಗೂನ ನಾನು ನೋಡೇ ಇಲ್ಲ" ಎಂದೂ ಹೇಳಿದರು. ಸೋಲೋ ಗೆಲುವೋ, ಸಿದ್ಧಾಂತ ನನ್ನದೇ ತಾನೇ? ಕಾಲು ಇಳಿಸಿ ಎದ್ದು, ಎದೆಯುಬ್ಬಿಸಿ, ಪೆಡಲನ್ನು ಚೀಲಕ್ಕೆ ಹಾಕಿಕೊಳ್ಳಲು ಬಗ್ಗಿದೆ.

"ಈಗ ಅಪ್ಪಂದು" ಎಂದಳು ಮಗಳು ಕುರ್ಚಿಯಿಂದ ಇಳಿಯುತ್ತಾ. "ಅಪ್ಪನ ಹಲ್ಲಲ್ಲೂ ತೂತಿದೆ. ನನ್ನದಕ್ಕಿಂತ ದೊಡ್ಡದು. ನಾನೇ ಟಾರ್ಚ್ ಹಾಕಿ ನೋಡಿದ್ದೀನಿ. ಆದ್ರೆ ಅಮ್ಮಂಗೆ ಹೇಳ್ಬೇಡಿ."

ಅಮ್ಮ ಎರಡು ಹೆಜ್ಜೆ ಆಚೆ ನಿಂತಿದ್ದಳು.

"ಓಹೋ" ಎಂದಳು ಅಮ್ಮ. "ಅದಕ್ಕೇನಾ ಎಡಗಡೆನೇ ಅಗಿಯೋದು? ಅಭ್ಯಾಸ ಅಂದಿದ್ರಲ್ಲ?"

"ಇವತ್ತು ಡಾಕ್ಟ್ರಿಗೆ ತುಂಬಾ ಕೆಲಸ ಇರುತ್ತೆ, ಇನ್ನೊಂದು ದಿನ..."

"ಮುಂದಿನವರು ಹುಡುಗನ್ನ ಕರ್ಕೊಂಡು ಹೊರಟೇ ಹೋದ್ರು ಸರ್" ಎಂದಳು ಸಹಾಯಕಿ. "ಯಾರದೋ ಚೀಲ ನೋಡಿ ಹೆದರಿಬಿಟ್ರಂತೆ. ಈಗ ಯಾರೂ ಇಲ್ಲ, ಬನ್ನಿ."

ಮುಂದೆ ನಡೆದದ್ದನ್ನು ನಾನು ವಿವರವಾಗಿ ಹೇಳಲಾರೆ. ಸ್ವಲ್ಪ ಗಾಳಿ ತೆಗೆದುಕೊಳ್ಳೋಣವೆಂದು ಬಾಗಿಲ ಕಡೆ ಹೊರಟದ್ದು ನೆನಪಿದೆ. ಬಾಗಿಲ ಹಿಡಿ ನನ್ನ ಎರಡೂ ಕೈಯಲ್ಲಿದ್ದದ್ದು, ಹೆಂಡತಿ ಮುಂದಿನಿಂದ ನನ್ನ ಬೆರಳು ಬಿಡಿಸಿದ್ದು, ಸಹಾಯಕಿ ಹಿಂದಿನಿಂದ ಸಮಾಧಾನ ಹೇಳಿದ್ದು ನೆನಪಿದೆ. ಈ ಸಲ ಹಿಡಿ ಕಿತ್ತು ಬರಲಿಲ್ಲ. ಒಳ್ಳೆಯ ಸ್ಕ್ರೂಗಳು.

ಕುರ್ಚಿ ಹಿಂದಕ್ಕೆ ವಾಲಿತು. ದೀಪ ಕಣ್ಣಿಗೆ ಬಿತ್ತು. ನನ್ನ ಬಾಯಲ್ಲಿ ಕನ್ನಡಿ, ನಳಿಕೆ, ಹತ್ತಿ ಮತ್ತು ಡಾಕ್ಟರಮ್ಮನ ಬೆರಳುಗಳು ಒಟ್ಟಿಗೆ ವಾಸ ಹೂಡಿದವು. ಮಗಳು ಸ್ಟೂಲು ಎಳೆದುಕೊಂಡು ನನ್ನ ಕಾಲಿನ ಬಳಿ ಕೂತಳು. ಹೊಲಿಗೆ ಪೆಡಲನ್ನು ನೆಲಕ್ಕಿಟ್ಟು ಅದರ ಮೇಲೆ ತನ್ನ ಪುಟ್ಟ ಕಾಲಿಟ್ಟಳು. "ಹೆದರ್ಕೋಬೇಡ ಅಪ್ಪಾ. ಕೈ ಎತ್ತು, ನಾನು ಒತ್ತೀನಿ."

ಯಂತ್ರ ಜುಯ್ಯೆಂದಿತು. ನಾನು ಕೈ ಎತ್ತಿದೆ. ಡಾಕ್ಟರಮ್ಮ ನಿಲ್ಲಿಸಿದರು. ಮತ್ತೆ ಶುರುವಾಯಿತು, ಮತ್ತೆ ಎತ್ತಿದೆ. ಹೀಗೇ ನಡೆದಾಗ ಡಾಕ್ಟರಮ್ಮ, "ಸರ್, ನಾನಿನ್ನೂ ಹಲ್ಲು ಮುಟ್ಟಿಲ್ಲ" ಎಂದರು. ಮತ್ತೆ ಎತ್ತಲು ಹೊರಟ ಕೈಯನ್ನು ಮಗಳು ಬಂದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆವರಿದ್ದು ಈಗ ನನ್ನ ಕೈ.

"ಅಪ್ಪಾ," ಎಂದಳು ಕಿವಿಯ ಹತ್ತಿರ ಬಂದು, "ಆ ಬ್ರೇಕು ಯಾವುದಕ್ಕೂ ಸಿಕ್ಕಿಸಿಲ್ಲ. ಮನೇಲೂ ಸಿಕ್ಕಿಸಿರ್ಲಿಲ್ಲ, ನೀನು ಹೆಬ್ಬೆಟ್ಟಲ್ಲಿ ಆರಿಸ್ತಿದ್ದೆ. ನಂಗೆ ಮೊದ್ಲೇ ಗೊತ್ತಿತ್ತು."

ಗೊತ್ತಿದ್ದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಲು ಬಾಯಿ ನನ್ನ ವಶದಲ್ಲಿರಲಿಲ್ಲ. ಕಣ್ಣಲ್ಲೇ ಕೇಳಿದೆ.

"ನಾನು ಹೇಳಿದ್ರೆ ನಿಂಗೆ ಭಯ ಆಗ್ತಿತ್ತಲ್ಲ" ಎಂದಳು.

ಡಾಕ್ಟರಮ್ಮ ಕೊರೆಯತೊಡಗಿದರು. ಗಾಳಿಯಲ್ಲಿ ಬ್ರೇಕು ಒತ್ತುತ್ತಿದ್ದ ನನ್ನ ಬಲಗಾಲನ್ನು, ಕೆಲಸ ಮುಗಿಯುವವರೆಗೂ, ಹೆಂಡತಿ ಎರಡು ಕೈಯಲ್ಲಿ ಅದುಮಿ ಹಿಡಿದುಕೊಂಡು ನಿಂತಿದ್ದಳು.